ದವಡೆಯ ಕವಾಯತು

ನನ್ನ ದವಡೆ ಸಿಕ್ಕಿಕೊಂಡದ್ದು ಶಾಲೆಯ ಮೈದಾನದಲ್ಲಿ, ಇಪ್ಪತ್ತೆಂಟು ಹುಡುಗಿಯರ ಕಣ್ಣೆದುರಿಗೆ. ಸೆಪ್ಟೆಂಬರ್ ತಿಂಗಳು, ಬೆಳಗಿನ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ದೆಹಲಿಯ ಜನಕಪುರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಬ್ಯಾಂಡ್ ಮಾಸ್ತರ. ಉದ್ದನೆಯ ಒಂದು ಸ್ವರವನ್ನು ನಡುಗಿಸದೆ ಕೊನೆಯವರೆಗೆ ಹಿಡಿಯುವುದು ಹೇಗೆಂದು ತೋರಿಸಲು ಕ್ಲಾರಿನೆಟ್ ತುಟಿಗಿಟ್ಟು ಊದಿದೆ. ಸ್ವರ ಚೆನ್ನಾಗಿಯೇ ಬಂತು. ವಾದ್ಯ ಕೆಳಗಿಳಿಸಿ "ದೇಖಾ?" ಅನ್ನಲು ಹೋದರೆ ಬಾಯಿ ತೆರೆಯಲಿಲ್ಲ. ಬಲಗಿವಿಯ ಮುಂದೆ ಏನೋ ಅಡ್ಡ ನಿಂತಿತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಒಂದು ಬೆರಳು ತೂರುವಷ್ಟೇ ಸಂದು. ಅದಕ್ಕಿಂತ ಹೆಚ್ಚು ತೆರೆಯಲು ಹೋದರೆ ಗದ್ದ ಬಲಕ್ಕೆ ಓಡುತ್ತಿತ್ತು, ನೋವು ಕಿವಿಯಿಂದ ಹೊರಟು ತಲೆಯ ಪಕ್ಕಕ್ಕೆ ಹತ್ತುತ್ತಿತ್ತು.

ನನಗೆ ಸಿಟ್ಟು ಬಂದಿದೆ ಎಂದು ಹುಡುಗಿಯರು ತಿಳಿದರು. ಮುಂದಿನ ಸಾಲಿನಲ್ಲಿ ಡ್ರಮ್ ಹೊತ್ತು ನಿಂತವಳು ಯಾವ ತಪ್ಪಿಗೆಂದು ತಿಳಿಯದೆಯೇ "ಸಾರಿ ಸರ್" ಅಂದಳು. ನಾನು ಕೈ ಸನ್ನೆ ಮಾಡಿ ಎಲ್ಲರನ್ನೂ ತರಗತಿಗೆ ಕಳಿಸಿದೆ. ವಾದ್ಯಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಗೋಡೆಯ ಮೇಲಿನ ಚಿಕ್ಕ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಐವತ್ತು ದಾಟಿದ ಗಂಡಸು, ಮೀಸೆ ನೆಟ್ಟಗಿದೆ, ಗದ್ದ ಸೊಟ್ಟಗಿದೆ. ಹೆದರಿಕೆಯಾಯಿತು. ಊದುವುದನ್ನು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ.

ನಾನು ಕೊಡಗಿನವನು. ಹದಿನೆಂಟು ತುಂಬಿದ ವರ್ಷವೇ ಸೇನೆಗೆ ಸೇರಿದೆ. ತರಬೇತಿ ಮುಗಿಯುತ್ತಲೇ ನನ್ನನ್ನು ರೆಜಿಮೆಂಟಿನ ಬ್ಯಾಂಡ್‌ಗೆ ಹಾಕಿ ಕೈಗೆ ಕ್ಲಾರಿನೆಟ್ ಕೊಟ್ಟರು. ಇಪ್ಪತ್ತಾರು ವರ್ಷ ಅದನ್ನೇ ಊದಿದೆ. ಮರಳುಗಾಡಿನ ಬಿಸಿಲಲ್ಲಿ, ಬೆರಳು ಮರಗಟ್ಟುವ ಹಿಮದಲ್ಲಿ, ಅಧಿಕಾರಿಗಳ ಮಕ್ಕಳ ಮದುವೆಗಳಲ್ಲಿ, ಶವಪೆಟ್ಟಿಗೆ ಹೊತ್ತು ನಿಧಾನ ಹೆಜ್ಜೆ ಹಾಕುವವರ ಹಿಂದೆ. ನಾಯಬ್ ಸೂಬೇದಾರನಾಗಿ ನಿವೃತ್ತನಾದ ಮೇಲೆ ಊರಿಗೆ ಹಿಂದಿರುಗಲಿಲ್ಲ. ಹೆಂಡತಿ ಮೈಸೂರಿನವಳು, ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ. ಮಗಳು ಹುಟ್ಟಿದ್ದು, ಓದಿದ್ದು ಇಲ್ಲೇ. ನಾನು ಗಡಿ ಗಡಿ ಅಲೆಯುವಾಗ ಅವರಿಬ್ಬರೂ ಕಟ್ಟಿಕೊಂಡ ಮನೆಗೆ ನಾನು ತಡವಾಗಿ ಬಂದು ಸೇರಿದೆ. ಶಾಲೆಯ ಕೆಲಸ ಸಿಕ್ಕಿತು. ಬ್ಯಾಂಡ್ ಎಂದರೆ ಹುಡುಗರದ್ದು ಎಂಬ ಮಾತು ಆ ಕಡೆಯ ಶಾಲೆಗಳಲ್ಲಿ ಇನ್ನೂ ಇತ್ತು. ಅದನ್ನು ಸುಳ್ಳು ಮಾಡಲೇಬೇಕೆಂದು ಐದು ವರ್ಷ ಒದ್ದಾಡಿ ಈ ಇಪ್ಪತ್ತೆಂಟು ಮಂದಿಯನ್ನು ತಯಾರು ಮಾಡಿದ್ದೆ. ಡಿಸೆಂಬರಿನಲ್ಲಿ ಶಾಲೆಗಳ ನಡುವೆ ಸ್ಪರ್ಧೆ. ಆ ಹೊತ್ತಿಗೆ ಸರಿಯಾಗಿ ನನ್ನ ಬಾಯಿ ಮುಚ್ಚಿತ್ತು.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಹತ್ತು ಹನ್ನೆರಡು ವರ್ಷಗಳಿಂದ ಆಕಳಿಸುವಾಗ, ರೊಟ್ಟಿ ಕಚ್ಚುವಾಗ ಬಲಗಡೆ 'ಟಕ್' ಅನ್ನುತ್ತಿತ್ತು. ಮೊಣಕಾಲಿನ ಸದ್ದಿಗೆ ಹೆದರದವನು ಇದಕ್ಕೆ ಹೆದರುವುದೇ? ಆ ವರ್ಷದ ಬೇಸಿಗೆಯಲ್ಲಿ ಕಿವಿ ನೋವು ಶುರುವಾಯಿತು. ಕಿವಿಯ ವೈದ್ಯರು ದೀಪ ಹಾಕಿ ನೋಡಿ, ಕಿವಿ ಚೆನ್ನಾಗಿದೆ ಅಂದರು. ಹಾಗಿದ್ದರೆ ಹಲ್ಲೇ ಇರಬೇಕೆಂದು ತೀರ್ಮಾನಿಸಿ ನಮ್ಮ ಬ್ಲಾಕಿನ ಹಲ್ಲಿನ ವೈದ್ಯರಲ್ಲಿಗೆ ಹೋದೆ. ಅವರು ಎಕ್ಸ್-ರೇ ತೆಗೆದು, ಬಲಗಡೆಯ ಕೊನೆಯ ಹಲ್ಲಿನಲ್ಲಿ ಹುಳುಕಿಲ್ಲ, ಬೇರಿನಲ್ಲಿ ಕೀವಿಲ್ಲ, ಸ್ವಲ್ಪ ಕಾಯೋಣ ಅಂದರು. ಕನ್ನಡಿ ಹಿಡಿದು ತೋರಿಸಿ, "ಆದರೆ ನೋಡಿ, ಹಲ್ಲೆಲ್ಲ ಸವೆದು ಚಪ್ಪಟೆಯಾಗಿವೆ. ನಿದ್ದೆಯಲ್ಲಿ ಕಡಿಯುತ್ತೀರಾ?" ಎಂದೂ ಕೇಳಿದರು. ನಾನು ನಕ್ಕುಬಿಟ್ಟೆ. ಹಲ್ಲು ಕಡಿಯುವುದು ಹೊಟ್ಟೆಯಲ್ಲಿ ಜಂತುಹುಳು ಇರುವ ಮಕ್ಕಳು ಎಂಬುದು ನಾನು ಚಿಕ್ಕಂದಿನಿಂದ ಕೇಳಿದ ಮಾತು. ಎರಡು ಸಲ ಅವರು ನನ್ನನ್ನು ವಾಪಸು ಕಳಿಸಿದರು. ಮೂರನೆಯ ಸಲ ನಾನು ಕುರ್ಚಿಯಿಂದ ಏಳಲೇ ಇಲ್ಲ. "ನಿಕಾಲ್ ದೀಜಿಯೇ, ಡಾಕ್ಟರ್ ಸಾಬ್. ನನ್ನ ಹಲ್ಲು, ನನ್ನ ಜವಾಬ್ದಾರಿ," ಅಂದೆ. ಕಿತ್ತರು. ಬಟ್ಟಲಿನಲ್ಲಿ ಬಿದ್ದ ಹಲ್ಲು ಗಟ್ಟಿಮುಟ್ಟಾಗಿತ್ತು. ನೋವು ಎಲ್ಲಿತ್ತೋ ಅಲ್ಲೇ ಉಳಿಯಿತು. ತಪ್ಪು ಅವರದ್ದಲ್ಲ. ನನ್ನ ಹಠಕ್ಕೆ ಒಂದು ಒಳ್ಳೆಯ ಹಲ್ಲು ಹೋಯಿತು, ಅಷ್ಟೇ.

ದವಡೆ ಸಿಕ್ಕಿಕೊಂಡ ಆ ದಿನ ಸಂಜೆ ಹೆಂಡತಿ ಕಚೇರಿಯಿಂದ ಬಂದಾಗ ನಾನು ಹಲ್ಲುಗಳ ಸಂದಿಯಿಂದಲೇ ನಡೆದದ್ದನ್ನು ಹೇಳಿದೆ. ಅವಳು ಬ್ಯಾಗು ಕೆಳಗಿಡದೆಯೇ ಕೇಳಿಸಿಕೊಂಡಳು.

"ಹಲ್ಲು ಕಡೀತೀರಲ್ಲ, ಅದಕ್ಕೇ ಇರ್ಬೇಕು," ಅಂದಳು.

"ಯಾರು ಕಡಿಯೋದು?"

"ಇನ್ಯಾರು? ನೀವೇ. ಮದುವೆ ಆದ ವಾರದಿಂದ ಕೇಳ್ತಾ ಇದೀನಿ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ. ಫೌಜಿ ಹಲ್ಲು ಕಡಿಯಲ್ಲ ಅಂತ ನಕ್ಕುಬಿಟ್ರಿ. ಆಮೇಲೆ ನಾನೂ ಬಿಟ್ಟೆ. ವರ್ಷಕ್ಕೆ ಎರಡು ತಿಂಗಳು ರಜಾ ಬರ್ತಿದ್ರಿ. ಎಚ್ಚರ ಆದಾಗ ಆ ಶಬ್ದ ಕೇಳಿಸಿದ್ರೆ, ಸದ್ಯ ಮನೇಲಿದಾರೆ ಅಂದ್ಕೊಂಡು ಮಲಗ್ತಿದ್ದೆ."

ಕಾಲೇಜಿನ ಎರಡನೆಯ ವರ್ಷದಲ್ಲಿದ್ದ ಮಗಳು ಸೋಫಾದಿಂದಲೇ ಸಾಕ್ಷಿ ನುಡಿದಳು. "ಸಚ್ ಮೇ, ಅಪ್ಪಾ. ಗೋಡೆ ಆ ಕಡೆ ನಂಗೂ ಕೇಳ್ಸತ್ತೆ. ಮೊದ್ಲು ನಾನು ಇಲಿ ಅಂದ್ಕೊಂಡಿದ್ದೆ."

ಆಗ ನನಗೆ ಬ್ಯಾರಕ್ಕಿನ ದಿನಗಳು ನೆನಪಾದವು. ಅಲ್ಲಿ ನನ್ನನ್ನು 'ಚಕ್ಕಿ' ಎಂದು ಕರೆಯುತ್ತಿದ್ದರು. ಹಿಂದಿಯಲ್ಲಿ ಚಕ್ಕಿ ಎಂದರೆ ಹಿಟ್ಟಿನ ಗಿರಣಿ. ಊಟಕ್ಕೆ ಕುಳಿತರೆ ಹತ್ತು ರೊಟ್ಟಿಗೆ ಕಡಿಮೆ ಏಳದವನೆಂದು ಆ ಹೆಸರು ಬಂದಿದೆ ಎಂದುಕೊಂಡು ನಾನು ಹೆಮ್ಮೆಯಿಂದಲೇ ಓಗೊಡುತ್ತಿದ್ದೆ. ಅದು ರೊಟ್ಟಿಯ ಲೆಕ್ಕವಾಗಿರಲಿಲ್ಲ. ಇಡೀ ಬ್ಯಾರಕ್ಕಿಗೆ ಗೊತ್ತಿದ್ದದ್ದು ನನಗೊಬ್ಬನಿಗೇ ಗೊತ್ತಿರಲಿಲ್ಲ.

ಮೂರು ದಿನ ಕಾದೆ. ದವಡೆ ಸಡಿಲವಾಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮೆಟ್ರೋ ಹಿಡಿದು ನಗರದ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋದೆ. ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಎರಡು ಕೋಣೆ ದಾಟಿ ಕೊನೆಗೆ ಒಬ್ಬ ಹಿರಿಯ ವೈದ್ಯೆಯ ಮುಂದೆ ಕುಳಿತೆ. ಕುಳ್ಳಗಿನ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ನಿವೃತ್ತಿಗೆ ಹತ್ತಿರವಿದ್ದಿರಬೇಕು. ನನ್ನ ಕಾಗದ ಓದಿ, "ಅಚ್ಛಾ, ಸೂಬೇದಾರ್ ಸಾಹಬ್," ಎಂದು ನನಗೆ ಒಂದು ಮೆಟ್ಟಿಲು ಬಡ್ತಿ ಕೊಟ್ಟರು.

"ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ, ಹಲ್ಲುಗಳ ಮಧ್ಯೆ ಇಡಿ," ಅಂದರು. ಒಂದು ಹೋಯಿತು. ಎರಡನೆಯದು ಉಗುರಿನ ತುದಿಯವರೆಗೂ ಹೋಗಲಿಲ್ಲ. "ಮೂರೂ ಹೋಗಬೇಕು," ಅಂದರು. ನನ್ನ ಎರಡು ಕಿವಿಗಳ ಮುಂದೆ ಬೆರಳಿಟ್ಟು, ತೆರೆಯಿರಿ, ಮುಚ್ಚಿರಿ, ಎಡಕ್ಕೆ, ಬಲಕ್ಕೆ ಎಂದು ಆಡಿಸಿದರು. ಆಮೇಲೆ ಕೆನ್ನೆಯ ಸ್ನಾಯುವನ್ನು ಒತ್ತಿದರು. ನಾನು ಕುರ್ಚಿಯಿಂದ ಅರ್ಧ ಎದ್ದೆ.

"ನೋವು ಹಲ್ಲಿನದ್ದಲ್ಲ, ಕಿವಿಯದ್ದೂ ಅಲ್ಲ. ಇಲ್ಲಿ ಒಂದು ಕೀಲಿದೆ," ಎಂದು ಅವರು ಎಡ ಅಂಗೈಯನ್ನು ಬಟ್ಟಲಿನಂತೆ ಮಾಡಿ, ಅದರಲ್ಲಿ ಬಲಮುಷ್ಟಿ ಇಟ್ಟು, ನಡುವೆ ಮಡಿಸಿದ ಹತ್ತಿಬಟ್ಟೆಯ ತುಂಡೊಂದನ್ನು ಸೇರಿಸಿದರು. "ಮುಷ್ಟಿ ನಿಮ್ಮ ದವಡೆಯ ಮೂಳೆ. ಈ ಬಟ್ಟೆ ಮೆತ್ತೆ. ಬಾಯಿ ತೆರೆದಾಗ ಮೂಳೆ ಮುಂದಕ್ಕೆ ಜಾರುತ್ತದೆ, ಮೆತ್ತೆಯೂ ಅದರ ಜೊತೆ ಹೋಗಬೇಕು. ನಿಮ್ಮದು ಎಷ್ಟೋ ವರ್ಷದಿಂದ ಮುಂದಕ್ಕೆ ಸರಿದುಕೊಂಡಿದೆ. ಪ್ರತಿ ಸಲ ಮೂಳೆ ಅದರ ಮೇಲೆ ಹತ್ತುವಾಗ ಟಕ್ ಅನ್ನುತ್ತಿತ್ತು. ಈಗ ಹತ್ತಲಾರದೆ ಅದಕ್ಕೇ ತಡೆದು ನಿಂತಿದೆ."

"ಆಪರೇಷನ್ನೇ?"

"ಇಷ್ಟು ಬೇಗ ಕತ್ತರಿ ಯಾಕೆ? ಹೆಚ್ಚಿನವರಿಗೆ ಅದು ಬೇಕಾಗುವುದೇ ಇಲ್ಲ. ದಿನಕ್ಕೆ ಎಷ್ಟು ಚಹಾ?"

"ಏಳು."

"ಸಂಜೆ?"

"ಎರಡು ಪೆಗ್ ರಮ್."

ಕನ್ನಡಕದ ಮೇಲಿಂದ ನೋಡಿದರು. "ಎರಡು?"

"ಮೂರು," ಅಂದೆ.

ಎರಡೂ ನಿದ್ದೆಯನ್ನು ಕಲಕುತ್ತವೆ, ಹಲ್ಲು ಕಡಿಯುವುದನ್ನು ಹೆಚ್ಚಿಸುತ್ತವೆ ಎಂದು ವಿವರಿಸಿದರು. ಗೊರಕೆ ಇದೆಯೇ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದೂ ವಿಚಾರಿಸಿದರು. ನನಗೆ ಒಂದು ಪ್ರಶ್ನೆ ಗಂಟಲಲ್ಲೇ ಇತ್ತು. "ಇದು ಮನಸ್ಸಿನ ದುರ್ಬಲತೆಯೇ, ಮೇಡಂ? ಟೆನ್ಶನ್ ಅನ್ನುತ್ತಾರಲ್ಲ, ಅದು?"

"ಟೆನ್ಶನ್ ಇದ್ದರೆ ಹೆಚ್ಚುತ್ತದೆ. ಏನೂ ಚಿಂತೆಯಿಲ್ಲದವರೂ ಕಡಿಯುತ್ತಾರೆ. ನಿದ್ದೆಯಲ್ಲಿ ಮೆದುಳು ತಾನಾಗಿ ಮಾಡಿಸುವ ಕೆಲಸ ಅದು, ದುರ್ಬಲತೆ ಅಲ್ಲ. ಆದರೆ ನನಗೆ ನಿಮ್ಮ ರಾತ್ರಿಗಿಂತ ಹಗಲಿನ ಮೇಲೆ ಅನುಮಾನ. ಎದ್ದು ನಿಲ್ಲಿ." ನಿಂತೆ. "ಸಾವಧಾನ್!"

ಆ ಶಬ್ದಕ್ಕೆ ನನ್ನ ದೇಹ ನನ್ನನ್ನು ಕೇಳದೆ ಉತ್ತರ ಕೊಡುತ್ತದೆ. ಹಿಮ್ಮಡಿ ಕೂಡಿದವು, ಎದೆ ಮುಂದೆ ಬಂತು. ಕಾಯುತ್ತಿದ್ದ ರೋಗಿಗಳೆಲ್ಲ ನೋಡಿದರು. ಆಕೆ ನನ್ನ ಕೆನ್ನೆ ಮುಟ್ಟಿ, "ಹಲ್ಲು ಎಲ್ಲಿವೆ?" ಅಂದರು. ಮೇಲಿನವು ಕೆಳಗಿನವುಗಳ ಮೇಲೆ ಗಟ್ಟಿಯಾಗಿ ಕೂತಿದ್ದವು.

"ವಿಶ್ರಾಮ್."

ಕಾಲು ಅಗಲಿಸಿ ಕೈ ಹಿಂದಕ್ಕೆ ಕಟ್ಟಿದೆ. ಆಕೆ ಮತ್ತೆ ಕೆನ್ನೆ ಮುಟ್ಟಿದರು. "ಈಗ?"

ಹಲ್ಲುಗಳು ಇದ್ದಲ್ಲೇ ಇದ್ದವು. ಮೂವತ್ತು ವರ್ಷದ ಕವಾಯತಿನಲ್ಲಿ ಕೈಗೆ ಕಾಲಿಗೆ ಬಂದ ವಿಶ್ರಾಮ್ ನನ್ನ ದವಡೆಗೆ ಬಂದೇ ಇರಲಿಲ್ಲ. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಲೇಬಾರದು ಎಂಬುದನ್ನು ನಾನು ಅವತ್ತು ಮೊದಲ ಬಾರಿಗೆ ಕೇಳಿದೆ. ತುಟಿ ಮುಚ್ಚಿರಬೇಕು, ಹಲ್ಲು ಬಿಡಿಯಾಗಿರಬೇಕು, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಿಗೆ ಹಗುರವಾಗಿ ಒರಗಿರಬೇಕು. ಇಷ್ಟೇ ಪಾಠ.

ಕೆಲವು ದಿನಕ್ಕೆ ನೋವಿನ ಮಾತ್ರೆ, ಬಿಸಿ ಶಾಖ, ಮೆತ್ತಗಿನ ಊಟ, ವ್ಯಾಯಾಮ ಬರೆದುಕೊಟ್ಟರು. ರಾತ್ರಿ ಹಾಕಿಕೊಳ್ಳಲು ಹಲ್ಲಿನ ಮೇಲೆ ಕೂರುವ ಪಟ್ಟಿಯೊಂದನ್ನು ಮಾಡಿಸಲು ಹಲ್ಲಿನ ಅಚ್ಚು ತೆಗೆಯಲು ಹೇಳಿದರು. ಕೊನೆಗೆ, "ಆರು ವಾರ ಕ್ಲಾರಿನೆಟ್ ಮುಟ್ಟಬೇಡಿ," ಅಂದರು.

"ಡಿಸೆಂಬರಿನಲ್ಲಿ ಸ್ಪರ್ಧೆ ಇದೆ, ಮೇಡಂ."

"ಬಜಾನಾ ಬಚ್ಚಿಯೋಂ ಕೋ ಹೈ ಯಾ ಆಪ್ ಕೋ?" ಅಂದರು. ನುಡಿಸಬೇಕಾದವರು ಮಕ್ಕಳೋ ನೀವೋ ಎಂದು. ಚೀಟಿ ಮಡಿಚಿ ಜೇಬಿಗಿಟ್ಟು ಎದ್ದೆ.

ಮನೆಗೆ ಬರುವ ದಾರಿಯಲ್ಲಿ ನಿರ್ಧಾರ ಮಾಡಿದೆ. ಒಂದು ಹಲ್ಲನ್ನು ಹಠದಿಂದ ಕಳೆದುಕೊಂಡಿದ್ದೆ. ಇನ್ನು ಅದೇ ಹಠವನ್ನು ಹೇಳಿದ ಮಾತು ಕೇಳುವುದಕ್ಕೆ ಬಳಸಬೇಕು. ಸೇನೆಯಲ್ಲಿ ಹೊಸ ಧುನ್ ಕಲಿಯುವಾಗ ದಿನದ ಅಭ್ಯಾಸವನ್ನು ಪಟ್ಟಿ ಮಾಡುತ್ತಿದ್ದೆವು. ಹಾಗೇ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಲ್ಲಿ ಹಿಂಡಿದ ಟವೆಲು, ಕೆನ್ನೆಯ ಎರಡೂ ಕಡೆ. ನಾಲಿಗೆಯನ್ನು ಅಂಗುಳಿಗೆ ಒತ್ತಿಕೊಂಡೇ ಬಾಯಿಯನ್ನು ನಿಧಾನ ತೆರೆದು ಮುಚ್ಚುವುದು, ಆರು ಸಲ. ಹೀಗೆ ದಿನಕ್ಕೆ ಆರು ಬಾರಿ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಕೊಡುವುದು. ಚಹಾ ಎರಡೇ, ಎರಡೂ ಮಧ್ಯಾಹ್ನದೊಳಗೆ. ರಮ್ಮಿನ ಬಾಟಲಿಯನ್ನು ನಾನೇ ಪಕ್ಕದ ಬ್ಲಾಕಿನಲ್ಲಿದ್ದ ನಿವೃತ್ತ ಗೆಳೆಯನಿಗೆ ಕೊಟ್ಟುಬಂದೆ. ಅವನು ಸಂತಾಪ ಸೂಚಿಸಿ ಇಟ್ಟುಕೊಂಡ.

ಎಲ್ಲಕ್ಕಿಂತ ಕಷ್ಟವಾದದ್ದು ಹಗಲು ಹಲ್ಲು ಬಿಡಿಯಾಗಿಟ್ಟುಕೊಳ್ಳುವುದು. ನೆನಪಿದ್ದಾಗ ಸರಿ, ಮರೆತ ಕ್ಷಣ ಮತ್ತೆ ಕಚ್ಚಿಕೊಂಡಿರುತ್ತಿತ್ತು. ಕಣ್ಣಿಗೆ ಬೀಳುವ ಗುರುತುಗಳನ್ನು ಅಲ್ಲಲ್ಲಿ ಅಂಟಿಸಿ ಎಂದು ವೈದ್ಯೆ ಹೇಳಿದ್ದರು. ಹೆಂಡತಿ ತನ್ನ ಕೆಂಪು ಬಿಂದಿಯ ಹಾಳೆ ಕೊಟ್ಟಳು. ಕನ್ನಡಿಯ ಮೂಲೆಗೆ ಒಂದು, ಸ್ಕೂಟರಿನ ಮೀಟರಿಗೆ ಒಂದು, ಟೀವಿಯ ರಿಮೋಟಿಗೆ, ಸ್ವರಪುಸ್ತಕ ಇಡುವ ಸ್ಟ್ಯಾಂಡಿಗೆ, ಮೊಬೈಲಿನ ಬೆನ್ನಿಗೆ. ಬಿಂದಿ ಕಂಡಾಗಲೆಲ್ಲ ಹಲ್ಲು ಬಿಡಿಸಿ, ಹೆಗಲು ಇಳಿಸಿ, ಉಸಿರು ಬಿಡಬೇಕು. ಮೊದಲ ದಿನ ಬಿಂದಿ ಕಂಡ ಪ್ರತಿಸಲವೂ ನಾನು ಹಲ್ಲು ಕಚ್ಚಿಯೇ ಇದ್ದೆ. ರಸ್ತೆ ದಾಟುವಾಗ, ಹಾಜರಿ ಕೂಗುವಾಗ, ಮುಚ್ಚಳ ತಿರುಗಿಸುವಾಗ, ಸುದ್ದಿ ನೋಡುವಾಗ. ಯಾರಾದರೂ ಬಂದು, ನೀವು ದಿನವಿಡೀ ಮುಷ್ಟಿ ಬಿಗಿದುಕೊಂಡು ಓಡಾಡುತ್ತೀರಿ ಎಂದರೆ ನಾಚಿಕೆಯಾಗುವುದಿಲ್ಲವೇ, ಹಾಗಾಯಿತು.

ಊಟದ ವಿಷಯದಲ್ಲಿ ಮೈಸೂರಿನ ಹೆಂಡತಿ ಗೆದ್ದಳು. "ಮುದ್ದೆ ಅಗಿಯೋ ಹಾಗೇ ಇಲ್ಲ, ನುಂಗ್ಬೇಕು. ನಿಮ್ಮ ಡಾಕ್ಟರಿಗೆ ಇದು ಗೊತ್ತಿದ್ರೆ ಚೀಟೀಲೇ ಬರೀತಿದ್ರು," ಎಂದು ದಿನಾ ರಾಗಿಮುದ್ದೆ, ಬಸ್ಸಾರು. "ಫಿರ್ ಸೇ ಮುದ್ದೆ?" ಎಂದು ಮಗಳು ಗೊಣಗಿ ಹೊರಗಿನಿಂದ ಊಟ ತರಿಸಿಕೊಳ್ಳುತ್ತಿದ್ದಳು. ಒಂದು ಭಾನುವಾರ ಕೊಡಗಿನ ಕುಟುಂಬಗಳೆಲ್ಲ ಸೇರಿ ಊಟವಿಟ್ಟುಕೊಂಡಿದ್ದರು. ಹಂದಿಕರಿಯ ದೊಡ್ಡ ಪಾತ್ರೆಯ ಮುಂದೆ ತಟ್ಟೆ ಹಿಡಿದು ನಿಂತೆ. ಬಡಿಸುತ್ತಿದ್ದ ಹಿರಿಯರು ದೊಡ್ಡ ತುಂಡು ಹುಡುಕಿ ಹಾಕಲು ಬಂದರು. "ಸಾರು ಮಾತ್ರ ಹಾಕಿ, ಕಡಂಬುಟ್ಟಿನ ಮೇಲೆ," ಅಂದೆ. ಅವರು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಏನಪ್ಪಾ, ಸೋತುಬಿಟ್ಟೆಯಾ?" ಅಂದರು. ಅಕ್ಕಿ ತರಿಯ ಮೆತ್ತಗಿನ ಉಂಡೆಗಳನ್ನು ಸಾರಿನಲ್ಲಿ ಅದ್ದಿ ತಿಂದು ಎದ್ದೆ. ಸೋತಿರಲಿಲ್ಲ.

ಎರಡನೆಯ ವಾರ ಹಲ್ಲಿನ ಪಟ್ಟಿ ಬಂತು. ಗಾಜಿನಂತೆ ಪಾರದರ್ಶಕ, ಗಟ್ಟಿ, ಮೇಲಿನ ಹಲ್ಲುಗಳಿಗೆ ಸರಿಯಾಗಿ ಕೂರುವಂಥದ್ದು. ಇದು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲು ಸವೆಯದಂತೆ ಕಾಯುತ್ತದೆ, ಸ್ನಾಯುಗಳ ಭಾರ ಇಳಿಸುತ್ತದೆ ಎಂದು ವೈದ್ಯೆ ಮೊದಲೇ ಹೇಳಿದ್ದರು. ಹಾಕಿಕೊಂಡರೆ ಬಾಯಿ ತುಂಬ ಜೊಲ್ಲು. ಮೊದಮೊದಲು ಬೆಳಿಗ್ಗೆ ಏಳುವಾಗ ಅದು ಬಾಯಿಯಲ್ಲಿ ಇರುತ್ತಲೇ ಇರಲಿಲ್ಲ. ದಿಂಬಿನ ಕೆಳಗೆ, ಹೊದಿಕೆಯ ಮಡಿಕೆಯಲ್ಲಿ, ಒಮ್ಮೆ ಹೆಂಡತಿಯ ಚಪ್ಪಲಿಯ ಮೇಲೆ. ನಿದ್ದೆಯಲ್ಲಿ ನಾನೇ ತೆಗೆದು ಎಸೆಯುತ್ತಿದ್ದೆ. ಪ್ರತಿದಿನ ತೊಳೆದು ಮತ್ತೆ ಹಾಕಿಕೊಂಡೆ. ಹದಿನೈದನೆಯ ಬೆಳಿಗ್ಗೆ ಎದ್ದಾಗ ಅದು ಬಾಯಿಯಲ್ಲೇ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಬಲಗಡೆ ಸಾಣೆ ಹಿಡಿದಂತೆ ಸಣ್ಣ ಸಣ್ಣ ಗೀರುಗಳು. ಅಲ್ಲಿಯವರೆಗೆ ಹೆಂಡತಿ ಮಗಳ ಮಾತು ನಂಬಿದ್ದೆ, ಈಗ ಕಣ್ಣಾರೆ ಕಂಡೆ.

ಬಾಯಿ ನಿಧಾನವಾಗಿ ತೆರೆಯತೊಡಗಿತು. ಎರಡು ಬೆರಳು ಹೋಗುವ ಹೊತ್ತಿಗೆ ನನಗೆ ಧೈರ್ಯ ಬಂತು, ಧೈರ್ಯದ ಜೊತೆ ಪೆದ್ದುತನವೂ ಬಂತು. ಶಾಲೆಯಲ್ಲಿ ಊದಲು ಆಗದೆ ಕೋಲಿನಿಂದ ತಾಳ ತಟ್ಟಿ, ಬಾಯಲ್ಲೇ ಸ್ವರ ಹಾಡಿ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಕ್ಲಾರಿನೆಟ್ಟಿನ ಒಂದು ಭಾಗ ಎಷ್ಟು ಹೇಳಿದರೂ ಹತ್ತುತ್ತಿರಲಿಲ್ಲ. "ಸರ್, ಒಂದೇ ಸಲ ನುಡಿಸಿ ತೋರಿಸಿ," ಅಂದಳು. ನಾಲ್ಕೇ ಸ್ವರ ತಾನೇ ಎಂದು ನನ್ನ ವಾದ್ಯ ತೆಗೆದೆ. ನಾಲ್ಕು ಸ್ವರ ನಲವತ್ತಾಯಿತು. ತಿಂಗಳ ಮೇಲೆ ಊದಿದ ಸುಖಕ್ಕೆ ನಿಲ್ಲಿಸಲಾಗಲಿಲ್ಲ. ಅವಳಿಗೆ ಪಾಠ ಹತ್ತಿತು. ನನ್ನ ದವಡೆ ಮಾರನೆಯ ಬೆಳಿಗ್ಗೆ ಮತ್ತೆ ಒಂದು ಬೆರಳಿಗೆ ಇಳಿದಿತ್ತು.

ಆಸ್ಪತ್ರೆಗೆ ಹೋಗಿ ತಪ್ಪೊಪ್ಪಿಕೊಂಡೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ವೈದ್ಯೆ ಬೈಯಲಿಲ್ಲ. "ಚಲೋ, ಮತ್ತೆ ಒಂದರಿಂದ," ಅಂದರು. "ಆದರೆ ಮುಂದಿನ ಸಲ ಬರುವಾಗ ಆ ವಾದ್ಯವನ್ನೇ ತನ್ನಿ. ಅದು ನಿಮ್ಮ ಬಾಯಿಗೆ ಏನು ಮಾಡುತ್ತಿದೆ ನೋಡಬೇಕು."

ತೆಗೆದುಕೊಂಡು ಹೋದೆ. ಆಕೆ ಕ್ಲಾರಿನೆಟ್ಟಿನ ತುಟಿಗೆ ಇಡುವ ತುದಿಯನ್ನು ಕಳಚಿ ದೀಪದ ಕೆಳಗೆ ಹಿಡಿದರು. ಎಬೊನೈಟ್ ಎಂಬ ಕಪ್ಪು ಗಟ್ಟಿ ರಬ್ಬರಿನ ಮೇಲೆ ನನ್ನ ಮುಂದಿನ ಎರಡು ಹಲ್ಲುಗಳು ಎರಡು ಹಳ್ಳಗಳನ್ನು ತೋಡಿದ್ದವು. ಕೈಗೆ ಕನ್ನಡಿ ಕೊಟ್ಟು, ಊದದೆ ಹಿಡಿದು ಮಾತ್ರ ತೋರಿಸಿ ಅಂದರು. ಹಿಡಿದೆ. ಕನ್ನಡಿಯಲ್ಲಿ ನನ್ನ ಕೆಳದವಡೆ ಮುಂದಕ್ಕೆ ಬಂದು, ಮೇಲಿನ ಹಲ್ಲುಗಳು ವಾದ್ಯವನ್ನು ನಾಯಿ ಎಲುಬು ಕಚ್ಚಿದ ಹಾಗೆ ಕಚ್ಚಿದ್ದವು. ನಾನು ಊದುತ್ತಿದ್ದೇನೆಂದು ತಿಳಿದಿದ್ದೆ. ಇಷ್ಟು ವರ್ಷವೂ ಕಚ್ಚುತ್ತಿದ್ದೆ.

"ಸಂಗೀತ ನನಗೆ ಗೊತ್ತಿಲ್ಲ," ಅಂದರು ಆಕೆ. "ಕಚ್ಚದೆ ನುಡಿಸುವ ದಾರಿ ಇದೆಯೇ?"

ಇತ್ತು. ಮೇಲಿನ ತುಟಿಯನ್ನೂ ಹಲ್ಲಿನ ಮೇಲೆ ಮಡಿಚಿ, ಎರಡು ತುಟಿಗಳ ನಡುವೆಯೇ ವಾದ್ಯ ಹಿಡಿಯುವ ಹಳೆಯ ಪದ್ಧತಿಯೊಂದಿದೆ. ಕಚ್ಚಿದರೆ ತುಟಿಯೇ ನೋಯುವುದರಿಂದ ಕಚ್ಚುವಂತಿಲ್ಲ. ತರಬೇತಿಯ ದಿನಗಳಲ್ಲಿ ಯಾರೋ ಹೇಳಿದ್ದರು, ಮೆರವಣಿಗೆಯಲ್ಲಿ ನಡೆಯುವವರಿಗೆ ಅದು ಆಗುವುದಲ್ಲ ಎಂದು ಬಿಟ್ಟಿದ್ದೆವು. ನಾನೀಗ ಮೆರವಣಿಗೆಯಲ್ಲಿ ನಡೆಯುವವನಲ್ಲ. ಕುಳಿತು ನುಡಿಸಬಹುದು. ವಾದ್ಯದ ಭಾರಕ್ಕೆ ಕೊರಳಿಗೆ ಪಟ್ಟಿ ಹಾಕಬಹುದು. "ಐವತ್ತೆರಡರಲ್ಲಿ ಮತ್ತೆ ರಂಗರೂಟ್ ಆಗಬೇಕು," ಅಂದೆ. ರಂಗರೂಟ್ ಎಂದರೆ ಹೊಸದಾಗಿ ಭರ್ತಿಯಾದ ಸಿಪಾಯಿ. "ಆಗಿ," ಎಂದು ಆಕೆ ಮುಂದಿನ ರೋಗಿಯನ್ನು ಕರೆದರು.

ನವೆಂಬರಿನಲ್ಲಿ ಹೊಗೆಮಂಜಿಗೆ ದೆಹಲಿಯ ಗಾಳಿ ಕೆಟ್ಟು ಶಾಲೆಗಳಿಗೆ ರಜೆ ಕೊಟ್ಟರು. ಕಿಟಕಿ ಮುಚ್ಚಿದ ಮನೆ. ಹೆಂಡತಿ ಮಾಸ್ಕ್ ಹಾಕಿಕೊಂಡು ಕಚೇರಿಗೆ, ಮಗಳು ಲ್ಯಾಪ್‌ಟಾಪಿನ ಮುಂದೆ. ನನಗೆ ಅದು ಸರಿಯಾದ ಕಾಲವಾಯಿತು. ದವಡೆ ಮತ್ತೆ ಎರಡು ಬೆರಳಿಗೆ ಬಂದ ಮೇಲೆ, ವೈದ್ಯೆಯ ಒಪ್ಪಿಗೆ ಪಡೆದು, ದಿನಕ್ಕೆ ಮೂರು ನಿಮಿಷ ಊದಲು ಶುರು ಮಾಡಿದೆ. ವಾದ್ಯದಿಂದ ಕಳಚಿದ ಆ ತುದಿಯನ್ನಷ್ಟೇ ಹಿಡಿದು, ಕನ್ನಡಿಯ ಮುಂದೆ, ಮೊಬೈಲಿನಲ್ಲಿ ಸಮಯ ಇಟ್ಟು. ಬಂದದ್ದು ಸ್ವರವಲ್ಲ, ಗಾಯಗೊಂಡ ಬಾತುಕೋಳಿಯ ಕೂಗು. ಮಗಳು ಇಯರ್‌ಫೋನ್ ತೆಗೆದು ಕೇಳಿದಳು.

"ಅಪ್ಪಾ, ಯೇ ಕ್ಯಾ ಹೈ? ನೀನು ಮೂವತ್ತು ವರ್ಷದಿಂದ ನುಡಿಸ್ತಿದೀಯ ತಾನೆ?"

"ಅದು ಬೇರೆ. ಇದು ಮೂರು ದಿನದಿಂದ."

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರು ಕೂತಳು. "ಮತ್ತೆ ಊದು. ಕಚ್ಚಿದ್ರೆ ಹೇಳ್ತೀನಿ," ಅಂದಳು. ಆ ರಜೆಯ ಪ್ರತಿದಿನ ಅವಳು ಹಾಗೆ ಕೂತು ನನ್ನ ಕೆನ್ನೆಯನ್ನೇ ನೋಡಿದಳು. ಸ್ನಾಯು ಉಬ್ಬಿದರೆ ಬೆರಳೆತ್ತುತ್ತಿದ್ದಳು, ನಾನು ನಿಲ್ಲಿಸುತ್ತಿದ್ದೆ. ಅವಳು ಮೊದಲ ಹೆಜ್ಜೆ ಇಟ್ಟದ್ದನ್ನು, ಮೊದಲ ಸಲ ಸೈಕಲ್ ಹೊಡೆದದ್ದನ್ನು ನಾನು ಫೋಟೋದಲ್ಲಿ ನೋಡಿದವನು. ನಾವಿಬ್ಬರೂ ಒಂದೇ ಕೆಲಸಕ್ಕೆ ಎದುರುಬದುರು ಕೂತ ನೆನಪು ನನಗೆ ಅದಕ್ಕಿಂತ ಮುಂಚೆ ಇಲ್ಲ.

ಡಿಸೆಂಬರಿನ ಸ್ಪರ್ಧೆಯಲ್ಲಿ ನಾನು ಊದಲಿಲ್ಲ. ಮೈದಾನದ ಅಂಚಿನಲ್ಲಿ ಬರಿಗೈಯಲ್ಲಿ ನಿಂತಿದ್ದೆ. ಇಪ್ಪತ್ತೆಂಟು ಹುಡುಗಿಯರು ನನ್ನ ಕ್ಲಾರಿನೆಟ್ಟಿನ ಆಸರೆಯಿಲ್ಲದೆ ಪೂರ್ತಿ ಹತ್ತು ನಿಮಿಷ ನಡೆದು ನುಡಿಸಿದರು. ಹಿಂದಿನ ವರ್ಷಗಳಲ್ಲಿ ಅಭ್ಯಾಸದ ಹೊತ್ತಿನಲ್ಲಿ ಯಾರಾದರೂ ತಡವರಿಸಿದರೆ ನಾನು ಜೋರಾಗಿ ಊದಿ ಮುಚ್ಚಿಬಿಡುತ್ತಿದ್ದೆ. ಈ ವರ್ಷ ಮುಚ್ಚುವವರು ಇರಲಿಲ್ಲವಾದ್ದರಿಂದ ಅವರು ತಡವರಿಸುವುದನ್ನೇ ಕಡಿಮೆ ಮಾಡಿಕೊಂಡಿದ್ದರು. ನಾವು ಎರಡನೆಯವರಾದೆವು. ಫಲಿತಾಂಶ ಹೇಳುವಾಗ ನಾನು ಹಲ್ಲು ಕಚ್ಚಿದ್ದೆ ಎಂದು ಆಮೇಲೆ ಗೊತ್ತಾಯಿತು. ಬಿಡಿಸಿಕೊಂಡೆ.

ಫೆಬ್ರವರಿಯಲ್ಲಿ ಮೂರು ಬೆರಳುಗಳೂ ಹೋದವು, ಮೂರನೆಯದು ಸ್ವಲ್ಪ ಒತ್ತಿಕೊಂಡು. ಈಗ ದಿನಕ್ಕೆ ಇಪ್ಪತ್ತು ನಿಮಿಷ ನುಡಿಸುತ್ತೇನೆ, ಹತ್ತು ಹತ್ತು ನಿಮಿಷದ ಎರಡು ಕಂತಿನಲ್ಲಿ. ಸ್ವರದ ಬಣ್ಣ ಬದಲಾಗಿದೆ. ಮೊದಲಿನ ಚೂಪು ಇಲ್ಲ, ಹೆಂಡತಿ ಇದೇ ಚೆನ್ನಾಗಿದೆ ಅನ್ನುತ್ತಾಳೆ. ದೊಡ್ಡ ಮೈದಾನಕ್ಕೆ ಕೇಳಿಸುವ ಹಾಗೆ ಇನ್ನು ಊದಲಾರೆ. ಬಲಗಡೆ ಒಮ್ಮೊಮ್ಮೆ ಸಣ್ಣಗೆ ಕರಕರ ಅನ್ನುತ್ತದೆ. "ಶಬ್ದ ಪೂರ್ತಿ ಹೋಗಲಿಕ್ಕಿಲ್ಲ," ಎಂದು ವೈದ್ಯೆ ಕೊನೆಯ ಭೇಟಿಯಲ್ಲಿ ಹೇಳಿದರು. "ನೋವಿಲ್ಲದೆ ತೆರೆಯುತ್ತದೆ, ತಿನ್ನಲು ಬರುತ್ತದೆ, ನುಡಿಸಲು ಬರುತ್ತದೆ. ಅಷ್ಟು ಸಾಕಲ್ಲವೇ?" ರಾತ್ರಿ ಹಲ್ಲು ಕಡಿಯುವುದು ನಿಂತಿಲ್ಲ, ಪಟ್ಟಿಯ ಮೇಲೆ ಗೀರು ಬೀಳುತ್ತಲೇ ಇದೆ. ಹಲ್ಲಿನ ಮೇಲೆ ಬೀಳುತ್ತಿಲ್ಲ. ನೋವಿಲ್ಲದ ವಾರಗಳು ಬಂದಾಗ ವ್ಯಾಯಾಮ ಬಿಡೋಣವೆನಿಸುತ್ತದೆ. ಬಿಡುವುದಿಲ್ಲ.

ಏಪ್ರಿಲಿನಲ್ಲಿ ಹೊಸ ವರ್ಷದ ಮಕ್ಕಳು ಬ್ಯಾಂಡ್‌ಗೆ ಸೇರಿದರು. ಹನ್ನೊಂದು ಮಂದಿ, ಎಲ್ಲರೂ ಆರನೆಯ ತರಗತಿಯವರು. ಮೊದಲ ವಾರ ಅವರ ಕೈಗೆ ವಾದ್ಯ ಕೊಡಲಿಲ್ಲ. ಸಾಲಾಗಿ ನಿಲ್ಲಿಸಿ, ತುಟಿ ಮುಚ್ಚಿ, ಹಲ್ಲು ಬಿಡಿಯಾಗಿ, ನಾಲಿಗೆ ಮೇಲೆ ಇಟ್ಟು ಉಸಿರಾಡುವುದನ್ನೇ ಕಲಿಸಿದೆ. ನಾಲ್ಕನೆಯ ದಿನ ಮುಖ್ಯೋಪಾಧ್ಯಾಯಿನಿ ಮೈದಾನಕ್ಕೆ ಬಂದರು. ತಂದೆತಾಯಿಯರು ಕೇಳುತ್ತಿದ್ದಾರಂತೆ.

"ಮಾಸ್ಟರ್‌ಜೀ, ಬಾಜಾ ಇಲ್ಲದೆ ಇದೆಂಥ ಬ್ಯಾಂಡ್? ಮಕ್ಕಳು ಸುಮ್ಮನೆ ನಿಂತಿದ್ದಾರಲ್ಲ?"

"ಸುಮ್ಮನೆ ನಿಂತಿಲ್ಲ, ಮೇಡಂ. ನನಗೆ ಈ ಪಾಠ ಯಾರೂ ಮೊದಲ ದಿನ ಹೇಳಿಕೊಡಲಿಲ್ಲ. ಇನ್ನು ಮೂರು ದಿನ ಕೊಡಿ."

ಆಕೆ ಹನ್ನೊಂದು ಪುಟ್ಟ ಮುಖಗಳನ್ನೂ ಒಂದೊಂದಾಗಿ ನೋಡಿದರು. "ಮೂರೇ ದಿನ," ಎಂದು ಹೊರಟರು. ನಾನು ಮಕ್ಕಳ ಕಡೆ ತಿರುಗಿದೆ. ಸಾಲಿನ ಕೊನೆಯಲ್ಲಿದ್ದವಳು ಉತ್ಸಾಹಕ್ಕೆ ಹಲ್ಲು ಬಿಗಿಹಿಡಿದು ನಿಂತಿದ್ದಳು. ಅವಳ ಮುಂದೆ ಹೋಗಿ ಮೊಣಕಾಲೂರಿ ಕುಳಿತು, ಮೊದಲಿನಿಂದ ಹೇಳಿಕೊಡತೊಡಗಿದೆ.